ಗೆಳ್ಯಾನ ಸಲುವಾಗಿ

ಇಳಕಲ್ಲ ದವಾಖಾನಿಯೊಳಗ ಏಳನೇ ನಂಬರ ಕೋಣಿ,
ಎಕ್ಸರೇ ದಾಟಿ, ನೀರಿನ ಟಾಕಿ ಮಗ್ಗಲಕ್ಕ.
ಬಾಗಲಕ್ಕೊಂದು ಬೋರ್ಡ ಇತ್ತು.
ಯಾರೋ ಅದನ್ನ ಗ್ವಾಡಿ ಕಡೆ ತಿರುವಿ ಹಾಕಿದ್ರು,
ನಾನೂ ಹಂಗ ಬಿಟ್ಟೇನಿ.
ಬರೋರಿಗೆ ದಾರಿ ಗೊತ್ತೈತಿ;
ಬೋರ್ಡ ಕಂಡ್ರನ ಹೊಳ್ಳಿ ಹೋಗ್ತಾರ.

ಹನ್ನೊಂದು ವರ್ಷ ಆತು ಈ ಕುರ್ಚಿಮ್ಯಾಗ.
"ನನಗ ಕೇಳಬೇಕಾಗೇತ್ರಿ" ಅಂದವರು
ಒಂದ ಕೈಬೆರಳಿಗೂ ಸಾಲಂಗಿಲ್ಲ.
ಉಳಿದವರೆಲ್ಲ,
"ನಮ್ಮ ಗೆಳ್ಯಾ ಒಬ್ಬಾವ ಅದಾನ್ರಿ..."

ಆ ಗೆಳ್ಯಾನ್ನ ನಾ ಎಂದೂ ನೋಡಿಲ್ಲ.
ಊರ ತುಂಬ ಅವನ ದೋಸ್ತರು.
ಒಮ್ಮೆ ಗ್ರಾನೈಟ ಲಾರಿ ಹೊಡೀತಾನ,
ಒಮ್ಮೆ ಕುಣಿಮಗ್ಗದಾಗ ಕಾಲ ಇಳಿಬಿಟ್ಟ ಕುಂದರತಾನ,
ಒಮ್ಮೊಮ್ಮೆ
ನಾಕು ತಿಂಗಳ ಬಸುರಿನೂ ಆಗ್ತಾನ.

ಗೆಳ್ಯಾ ಕೇಳ್ಯಾನಂತ: ಗುಂಗಾಡ ಕಡದ್ರ?
ಇಲ್ಲ. ಗುಂಗಾಡಕ್ಕ ಹಂಚಾಕ ಬ್ಯಾರೆ ಜಡ್ಡು ಅದಾವ.
ಒಂದ ತಾಟಿನ್ಯಾಗ ಉಂಡ್ರ?
ಉಣ್ಣಲಿ. ರೊಟ್ಟಿ ಸಾಲಲಿಲ್ಲಂದ್ರ ಅದು ನಿಮ್ಮ ಜಗಳ.
ಕೆಮ್ಮಿದ್ರ? ಒಂದ ಸಂಡಾಸಕ್ಕ ಹೋದ್ರ? ತೆಕ್ಕಿ ಬಿದ್ದ ಅತ್ರ?
ಇಲ್ಲ, ಇಲ್ಲ.
ಅಳಲಿ ಬಿಡಪಾ ಅವ.

ಬಸುರಿ ಗೆಳ್ಯಾಗ ಒಂದ ಪ್ರಶ್ನಿ, ಕೂಸಿಂದು.
ತಾಯಿ ಇವತ್ತಿನಿಂದ ಗುಳಿಗಿ ನುಂಗಲಿ,
ಹುಟ್ಟಿದ ಕೂಸಿಗೆ ನಾವು ಔಷಧ ಹನಿಸ್ತೀವಿ,
ಭಾಳ ಕೂಸು ಪಾರಾಗ್ಯಾವ.
ಒಂದು ಈಗ ಕನ್ನಡ ಸಾಲಿಗೆ ಹೋಗ್ತೈತಿ,
ದಾರ್ಯಾಗ ಕಂಡ್ರ ನಾನ ಮಾರಿ ಹೊಳ್ಳಸ್ತೀನಿ.
ನನ್ನ ಗುರುತ ಹಿಡದ್ರ
ಮಂದಿ ಅವರವ್ವನ ಗುರುತ ಹಿಡೀತಾರ.

ಕಟಿಂಗ ಅಂಗಡಿ ಲಾಲಸಾಬ ಮಾತ್ರ ಸೀದಾ ಕೇಳಿದ:
"ಒಬ್ಬಾವನ ಹೆಸರ ಊರಾಗ ಎದ್ದೈತ್ರಿ.
ಅವನ ಗಡ್ಡ ಹೆರೀಲೇನು, ಬ್ಯಾಡೇನು?"
ಹೆರಿ. ಬ್ಲೇಡ ಹೊಸಾದು ಹಾಕು,
ಅವಗಷ್ಟ ಅಲ್ಲ, ಗೌಡರಿಗೂ.
ಊರಾಗ ಎದ್ದದ್ದು ಹೆಸರು,
ಏಳಲಾರದ್ದು ಯಾರಲ್ಲೈತೋ ಯಾರಿಗ್ಗೊತ್ತು.

ಆಮ್ಯಾಲ ಫ್ಯಾನ ತಿರುಗೂದಷ್ಟ ಕೇಳಸ್ತೈತಿ.
ಗೆಳ್ಯಾನ ಮಾತ ಮುಗದಾವ,
ಈಗ ನಂದು:
ಯಾವಾಗ? ನಿರೋಧ ಇತ್ತೇನು?
ಅವ ಗ್ವಾಡಿಮ್ಯಾಗಿನ ಕ್ಯಾಲೆಂಡರ ನೋಡ್ತಾನ,
ಹೋದ ಅಮಾಸಿ ಹುಡುಕ್ತಾನ.
ಮೂರ ದಿನದೊಳಗ ಬಂದಿದ್ರ
ತಡ್ಯೂ ಗುಳಿಗಿ ಇದ್ದುವು.
ಇರಲಿ. ಇವತ್ತ ಒಂದ ಹನಿ ಕೊಡು,
ಮೂರ ತಿಂಗಳ ಬಿಟ್ಟು ಮತ್ತೊಂದು.
ಹೊಸಾ ಸೋಂಕು ಸುರುವಿಗೆ
ಪಟ್ಟಿಮ್ಯಾಗ ಗೆರಿ ಬೀಳಗೊಡಂಗಿಲ್ಲ.

ಹುಲಿಗೆವ್ವನ ಬೆರಳಿಗೆ ಸೂಜಿ ಇಳೀಲಿಲ್ಲ.
ಒಡಲಿನ ಎಳಿಗೆ ಸೆರಗಿನ ಎಳಿ ಕೂಡ್ಸಿ ಕೂಡ್ಸಿ
ತುದಿ ಕಲ್ಲಾಗಿತ್ತು. ಬೆರಳ ಬದಲ ಮಾಡಿದ್ವಿ.
"ಅವಗ ಐತ್ರಿ. ನನಗ ಇಲ್ಲಂತ ಬಂದ್ರ
ನಾ ಅವನ್ನ ಬಿಡಬೇಕೇನು?"

ನನ್ನ ಚಾರ್ಟಿನ್ಯಾಗ ಆ ಪ್ರಶ್ನಿ ಇಲ್ಲ.
ಗೊತ್ತಿದ್ದಷ್ಟ ಹೇಳಿದೆ:
ದಿನಾ ತಪ್ಪಲಾರದ ಗುಳಿಗಿ ನುಂಗಿದ್ರ
ರಕ್ತದಾಗ ಅದು ಎಷ್ಟ ಇಳೀತೈತಂದ್ರ
ಮಿಷಿನ್ನಿಗೂ ಸಿಗಂಗಿಲ್ಲ.
ಹಂಗ ಇಳದು ನಿಂತ್ರ
ಹಾಸಿಗ್ಯಾಗ ನಿನಗ ದಾಟಂಗಿಲ್ಲ.
ಅಲ್ಲೀತನಕ ನಿರೋಧ.

ಆಕಿ ಬೆರಳಿಗೆ ಹತ್ತಿ ಒತ್ತಿಕೊಂಡು ಕುಂತ್ಲು.
"ಎಳಿ ಎಣಿಸಾಕಿ ನಾ.
ಗುಳಿಗಿ ಎಣಿಸೂದೇನ ದೊಡ್ಡದು" ಅಂದ್ಲು.
ಬಿಡ್ತೀನಿ, ಬಿಡಂಗಿಲ್ಲ, ಎರಡೂ ಅನ್ನಲಿಲ್ಲ.

ಮೊನ್ನಿ ಬೇಸ್ತವಾರ ಯಮನೂರ.
"ನಮ್ಮ ಗೆಳ್ಯಾ ಒಬ್ಬಾವ..."
ಕುಂದ್ರಪಾ ಅಂದೆ, ಎಲ್ಲಾ ಹೇಳಿದೆ,
ಇಲ್ಲಿ ಆಡಿದ್ದು ಇಲ್ಲೇ, ರೊಕ್ಕಿಲ್ಲ, ಅರ್ಧಾ ತಾಸು.
ನಿನ್ನ ಬೆರಳ ಕೊಡು.
"ನಂದಲ್ರಿ!"
ಎದ್ದ ಹೋದ. ಟಾಕಿ ಹಿಂದಿನಿಂದ
ರಟ್ಟಿ ಹಿಡದ ಎಳಕೊಂಡ ಬಂದ,
ಮೀಸಿ ಈಗ ಚಿಗರಿದ ಹುಡುಗನ್ನ.
"ಇವಾ ನೋಡ್ರಿ, ಗೆಳ್ಯಾ."

ನಗಬಾರದಿತ್ತು, ನಕ್ಕುಬಿಟ್ಟೆ.
ಹುಡುಗಾನೂ ನಕ್ಕ, ಯಾಕಂತ ತಿಳೀದ.
ಯಮನೂರಗ ಹೊರಗ ನಿಂದ್ರಂದೆ,
ಬಾಗಲ ಮುಂದ ಮಾಡಿದೆ.

ಬಾಪಾ. ಭಾಳ ಮಂದಿ ನಿನ್ನ ಹೆಸರ ಹೇಳ್ಯಾರ.
ಯಾವ ಬೆರಳ ಕೊಡ್ತಿ?