ಬಾಯಿಗೆ ಬಾರದ ಬ

ಮನಾಮಾದ ಹಳೇ ಸೂಕಿನ ಹಿಂದಿನ ಗಲ್ಲಿಯಲ್ಲಿ
ಜೆರಾಕ್ಸಿಗೂ ಜ್ಯೂಸಂಗಡಿಗೂ ನಡುವೆ ತೂರಿಸಿಟ್ಟಂತೆ
ನನ್ನ ಟೈಪಿಂಗ್ ಸೆಂಟರು.
ಅರಬಿ ಬಲದಿಂದ, ಇಂಗ್ಲಿಷ್ ಎಡದಿಂದ
ಒಂದೇ ಹಾಳೆಯ ನಡುವಿಗೆ ಬಂದು ನಿಲ್ಲುತ್ತವೆ,
ಮಾತು ಬಿಟ್ಟ ಓರಗಿತ್ತಿಯರ ಹಾಗೆ.

ಹದಿನೇಳು ವರ್ಷ ಕೀಲಿ ಒತ್ತಿ ಗೊತ್ತಾಗಿದ್ದಿಷ್ಟು:
ಇಂಗ್ಲಿಷಿನ ಮನೆಯಲ್ಲಿ ಎರಡು ಒಲೆ.
ಹ್ಯಾಂಡು, ಬ್ರೆಡ್ಡು, ವಾಟರು, ಸ್ಲೀಪು, ಸ್ವೆಟ್ಟು
ದೋಣಿಯಲ್ಲಿ ಬಂದವರು ತಂದ ಮೊದಲ ಪಾತ್ರೆಗಳು.
ಬಾಯಿ ತುಂಬ ಇರುತ್ತವೆ, ಅರ್ಜಿಯಲ್ಲಿ ಸಿಗುವುದಿಲ್ಲ.
ಅರ್ಜಿಯಲ್ಲಿ ಇರುವುದೆಲ್ಲ ಲ್ಯಾಟಿನ್ನಿನ ಮೊಮ್ಮಕ್ಕಳು,
ವೀಸಾ, ಪರ್ಮಿಟ್, ಕಾಂಟ್ರ್ಯಾಕ್ಟ್, ಟರ್ಮಿನೇಶನ್,
ಇಸ್ತ್ರಿ ಮುರಿಯದ ಅಂಗಿಯವರು.
ಕೆಲವರು ಫ್ರೆಂಚರ ಮನೆಯಲ್ಲಿ ತಂಗಿ ಬಂದರು,
ಕೆಲವರು ನೇರ ಪುಸ್ತಕದಿಂದ ಇಳಿದರು.

ನಮ್ಮಲ್ಲೂ ಹೀಗೇ ಅಲ್ಲವೆ?
ನೀರು ಕುಡಿಯುತ್ತೇವೆ, ಜಲಮಂಡಳಿಗೆ ಬಿಲ್ಲು ಕಟ್ಟುತ್ತೇವೆ.
ಸಾಯುತ್ತೇವೆ. ಸರ್ಟಿಫಿಕೇಟಿನಲ್ಲಿ ಮರಣ.

ನಿನ್ನೆ, ಸಂಜೆಯ ಬಾಂಗು ಮುಗಿದು ಏಸಿ ಕೆಟ್ಟಿದ್ದ ಹೊತ್ತು,
ಹುಲಿಗೆಪ್ಪ ಬಂದ. ಸ್ಕ್ಯಾಫೋಲ್ಡಿಂಗಿನವ, ಗಂಗಾವತಿ ಕಡೆಯವ.
ರೂಮಿನ ಗೆಳೆಯನ ಸಾಲಕ್ಕೆ ಜಾಮೀನು ನಿಂತಿದ್ದಾನೆ.
ಗೆಳೆಯ ಒಂದು ರಾತ್ರಿ ವಿಮಾನ ಹತ್ತಿದ,
ಇವನಿಗೆ ವಿಮಾನ ನಿಲ್ದಾಣ ಮುಚ್ಚಿತು.
'ಸಾಲ ನಂದಲ್ಲ ಅಂತ ಮೊದಲಿಗೇ ಬರೀರಿ ಅಕ್ಕಾರ.'

ಡಿ, ಇ, ಬಿ, ಟಿ.
ಪರದೆಗೆ ಬಗ್ಗಿ ಅಕ್ಷರ ಅಕ್ಷರ ಕೂಡಿಸಿದ. ಡೆ… ಬ್…
'ಡೆಟ್,' ಎಂದೆ. 'ಬಿ ಓದಬಾರದು.'
'ಓದಬಾರದ್ದು ಯಾಕ ಬರೀಬೇಕ್ರಿ?'

ನನಗೆ ಗೊತ್ತಿದ್ದಷ್ಟು ಹೇಳಿದೆ.
ಫ್ರೆಂಚಿನಿಂದ ಬಂದಾಗ ಈ ಪದದಲ್ಲಿ ಬಿ ಇರಲೇ ಇಲ್ಲ,
ಅದಿಲ್ಲದೆ ಎಷ್ಟೋ ಕಾಲ ಸುಖವಾಗಿತ್ತು.
ಆಮೇಲೆ ಪಂಡಿತರಿಗೆ ನೆನಪಾಯಿತು,
ಇದರ ಅಜ್ಜ ಲ್ಯಾಟಿನ್ನಿನ ದೇಬಿತುಮ್ ಅಲ್ಲವೆ!
ವಂಶದ ಗುರುತಿಗೆಂದು ಬಿ ತಂದು ನಡುವೆ ಕೂರಿಸಿದರು.
ಜನ ನಾಲಗೆ ಬದಲಿಸಲಿಲ್ಲ.
ಅಂದಿನಿಂದ ಅದು ಕಾಗದದಲ್ಲುಂಟು, ಮಾತಿಗಿಲ್ಲ.

ತುಸು ಹೊತ್ತು ಸುಮ್ಮನಿದ್ದ ಹುಲಿಗೆಪ್ಪ.
'ಗೊತ್ತಾತು ಬಿಡ್ರಿ. ಅದು ಬಡ್ಡಿ.
ರೊಕ್ಕ ಕೊಡುವಾಗ ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ.
ಹಾಳ್ಯಾಗ ಇರತೈತಿ.'

ನನ್ನಜ್ಜ ಸಿಪ್ರಿಯನ್ ಕಿನ್ನಿಗೋಳಿಯ ಇಗರ್ಜಿಯಲ್ಲಿ ಗಂಟೆ ಹೊಡೆಯುತ್ತಿದ್ದ.
ಲ್ಯಾಟಿನ್ ಪ್ರಾರ್ಥನೆಗಳನ್ನು ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡಿದ್ದ,
ಹಂಚಿನ ಕಾರ್ಖಾನೆಯ ಹಾಜರಿ ಪುಸ್ತಕದ ಹಿಂಬದಿಗೆ.
ಅಲ್ಲೊಂದು ಕಡೆ ದೇಬಿತಾ. ಸಾಲಗಳು. ಮನ್ನಾ ಮಾಡೆಂದು ಬೇಡುವ ಜಾಗ.
ಅರ್ಥ ತಿಳಿದಿತ್ತೋ ಇಲ್ಲವೋ,
ಬ ಮಾತ್ರ ತುಟಿ ಕೂಡಿಸಿ ಗಟ್ಟಿಯಾಗಿ ಹೇಳುತ್ತಿದ್ದ,
ಬೆನ್ನ ಮೇಲೆ ನಾನು ಕೂತಿದ್ದರೆ
ಎದೆಗೂಡಿನಲ್ಲಿ ಅದು ಬಡಿದು ಹೋಗುವುದು ಗೊತ್ತಾಗುತ್ತಿತ್ತು.

ಪ್ರಿಂಟು ತೆಗೆದೆ. ಅವನು ಅರ್ಧ ದಿನಾರು ಇಟ್ಟ.
ದಿನಾರೂ ರೋಮಿನ ದೇನಾರಿಯುಸ್ಸೇ, ಹೇಳಲಿಲ್ಲ,
ಮತ್ತೆ 'ಯಾಕ' ಎಂದಾನು.

ಬಾಗಿಲಾಚೆ, ಜ್ಯೂಸಿನ ಮಿಕ್ಸಿ ಕೂಗುತ್ತಿದ್ದರೂ ಕೇಳಿಸಿತು,
ಕಾಗದ ಬೆಳಕಿಗೆ ಹಿಡಿದು ಓದುತ್ತಿದ್ದಾನೆ:
ಡೆಬ್ಟ್. ಡೆಬ್ಟ್. ನಾಟ್ ಮೈ ಡೆಬ್ಟ್.
ತಿದ್ದಲು ಎದ್ದವಳು ಕೂತೆ.
'ನೆಕ್ಸ್ಟ್,' ಎಂದೆ.