ಮೀನಿನ ಹಾರನ್ನು

ಮೊಣಕಾಲು ಸೋತ ಮೇಲೆ ಫಿಲೋಮೆನಾಬಾಯಿ ಮಾರಿದ ಗಾಡಿ.
ಮೂರು ಗಾಲಿ, ಬೆನ್ನಿಗೊಂದು ತಗಡಿನ ಪೆಟ್ಟಿಗೆ.
ಐಸು ಸುರಿಯುತ್ತಿದ್ದ ತೊಟ್ಟಿಯಲ್ಲೀಗ
ಉಳಿ, ಬಾಚಿ, ಕೊಡತಿ, ಅಪ್ಪನ ಮೂಲೆಮಟ್ಟ;
ತಕ್ಕಡಿಯ ಕೊಕ್ಕೆಗೆ ಗರಗಸ.

ಸೋಡಾ ಹಾಕಿ ತೊಳೆದೆ. ಹುಣಸೆಹಣ್ಣು ತಿಕ್ಕಿದೆ.
ಸಾಗುವಾನಿ ಹೊಟ್ಟು ತುಂಬಿ ಎಂಟು ದಿನ ಬಿಟ್ಟೆ.
ಬಾಂಗಡೆ ಹೋಗಲಿಲ್ಲ.
ಆಸಗಾಂವದಲ್ಲಿ ದಿಲ್ಲಿಯ ಮೇಡಂ
ಹೊಸ ಕಪಾಟಿನೊಳಗೆ ತಲೆ ಹಾಕಿ
ಇದು ಯಾವ ಮರ ಮೌನಪ್ಪಾ, ಎಂದರು.
ಕಡಲ ಕಡೆಯದು, ಎಂದೆ.

ಹಾರನ್ನು ಮಾತ್ರ ಬದಲಿಸಲಿಲ್ಲ.
ರಬ್ಬರಿನ ಬುರುಡೆ. ಶಿವೋಲಿಯ ತಿರುವಿನಲ್ಲಿ ಹಿಚುಕಿದರೆ
ಮೊದಲು ಬೆಕ್ಕು,
ಆಮೇಲೆ ತಾಟು ಹಿಡಿದ ಹೆಂಗಸರು.
ಮೀನಿಲ್ಲ ಬಾಯಿ, ಬಡಿಗ ನಾನು.
ಬೈದು ತಿರುಗಿದವರಲ್ಲಿ ಒಬ್ಬಾಕೆ ನಿಂತಳು:
ಬಂದದ್ದು ಬಂದಿ, ಈ ಬಾಗಿಲು ನೋಡು,
ಮಳೆ ಕುಡಿದು ಉಬ್ಬಿದೆ,
ಜೂನಿನಿಂದ ಕುರ್ಚಿ ಒತ್ತಿಟ್ಟು ಮಲಗುತ್ತೇನೆ.

ಉಜ್ಜುಗೊರಡು ಇಳಿಸಿದೆ.
ಒದ್ದೆ ಹಲಸು, ಮೊದಲು ಗೊಣಗಿ, ಆಮೇಲೆ
ಉದ್ದುದ್ದ ಸುರುಳಿ ಬಿಟ್ಟಿತು.
ಬೆಕ್ಕು ಒಂದನ್ನು ಕಚ್ಚಿ ನೋಡಿ ಉಗಿಯಿತು.
ಪಕ್ಕದ ಮನೆಯಾಕೆ ತಾಟು ಒಳಗಿಟ್ಟು
ಕಾಲು ಮುರಿದ ಮಣೆ ತಂದಳು.

ಸಂಜೆ ಮಾಪುಸಾಕ್ಕೆ ಮರಳುವಾಗ
ಫಿಲೋಮೆನಾಬಾಯಿಯ ಕಿಟಕಿಯೆದುರು ಒಮ್ಮೆ ಒತ್ತಬೇಕು;
ಮಾರುವಾಗ ಬಾಯಿಮಾತಿನ ಕರಾರು.
ಒಳಗಿನಿಂದಲೇ ಕೇಳುತ್ತಾಳೆ: ಇವತ್ತು ಏನು ರೇಟು?
ಬಾಗಿಲಿಗೆ ನೂರೈವತ್ತು.
ಹುಚ್ಚ, ಮಳೆಗಾಲದಲ್ಲಿ ಯಾರಾದರೂ
ಅಷ್ಟಕ್ಕೆ ಕೊಡುತ್ತಾರಾ?