ಹನ್ನೊಂದು ಸೆಕೆಂಡು

ಉಕೆರೆವೆ ದ್ವೀಪದ ದೋಣಿ ಇಳಿದು
ಮೀನು ತೂಗುವ ಗುಮಾಸ್ತ ಮಗೇಸ
ಹೆಂಡತಿಯ ಬಟ್ಟೆಯಲ್ಲಿ ಸುತ್ತಿ ತಂದ, ಜ್ವರದ ಕೂಸನ್ನು ತಂದಂತೆ.
“ಹೊತ್ತಿಕೊಳ್ಳುತ್ತೆ, ಆರುತ್ತೆ, ತಾನೇ ಮತ್ತೆ ಹೊತ್ತಿಕೊಳ್ಳುತ್ತೆ.
ಒಳಗೆ ಮಾತ್ರ ಬಿಡುವುದಿಲ್ಲ.”
ಏಳು ತಿಂಗಳ ತೂಕದ ಲೆಕ್ಕ ಅದರ ಹೊಟ್ಟೆಯಲ್ಲಿ.
ನಕಲು ಇದೆಯೇ, ಕೇಳಿದೆ.
ಸರೋವರದ ಕಡೆ ನೋಡಿದ.

ಗುಂಡಿ ಒತ್ತಿದೆ.
ಕಂಪನಿಯ ಹೆಸರು, ಕೆಳಗೆ ಚುಕ್ಕಿಗಳ ಚಕ್ರ,
ಸುತ್ತಿತು, ಸುತ್ತಿತು,
ಎರಡು ನಿಮಿಷಕ್ಕೆ ಕಪ್ಪು.
ಮತ್ತೆ ಹೆಸರು. ನಲವತ್ತು ಸೆಕೆಂಡಿಗೆ ಕಪ್ಪು.
ಮತ್ತೆ ಹೆಸರು. ಹನ್ನೊಂದು.
ಹೊಸಿಲವರೆಗೆ ಬಂದು
ಏನೋ ಮರೆತೆನೆಂದು ತಿರುಗಿ ಹೋಗುವವಳ ಹಾಗೆ.
ಚೀಟಿಯಲ್ಲಿ ಬರೆದಿಟ್ಟೆ ಮೂರನ್ನೂ.
ಬರೆಯುವುದು ಬೇರೆ, ಓದುವುದು ಬೇರೆ.

ಬ್ಯಾಟರಿ ಕಳಚಿದೆ, ಚಾರ್ಜರ್ ಬದಲಿಸಿದೆ,
ಗುಂಡಿಯನ್ನು ಅರ್ಧ ನಿಮಿಷ ಅದುಮಿ ಹಿಡಿದು
ಉಳಿದ ಕರೆಂಟನ್ನೆಲ್ಲ ಹಿಂಡಿ ಹಾಕಿದೆ.
ಪೆನ್ ಡ್ರೈವಿನಿಂದ ಎಬ್ಬಿಸಿದೆ, ಅಲ್ಲೂ ಅದೇ ಕಪ್ಪು.
ಅಂದರೆ ಲೆಕ್ಕ ಬದುಕಿರಬಹುದು.
ಮಗೇಸನಿಗೆ ಇನ್ನೂ ಹೇಳಲಿಲ್ಲ.

ಆಮೇಲೆ ಮೆಮೊರಿ, ಎರಡು ಹಸಿರು ಪಟ್ಟಿ.
ಅದನ್ನು ತೆಗೆದು ಇದನ್ನಿಟ್ಟೆ, ಇದನ್ನು ತೆಗೆದು ಅದನ್ನು.
ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ
ಜೋಡಿಯಾಗಿಟ್ಟೆ. ಕಪ್ಪು.
ಇನ್ನು ಬೇಕಾದದ್ದು
ಸರಿಯಿದೆಯೆಂದು ಖಾತ್ರಿಯಿರುವ ಒಂದೇ ಒಂದು ಪಟ್ಟಿ.
ಅದಿರುವುದು ರಸ್ತೆಯಾಚೆ, ನೀಲಿ ಶಟರಿನ ಅಂಗಡಿಯಲ್ಲಿ,
ಕುಲ್ವನ ಡಬ್ಬಿಯಲ್ಲಿ.

ನಮ್ಮಲ್ಲಿ ಅವಳಿಗಳಿಗೆ ಹೆಸರು ಹುಡುಕಬೇಕಿಲ್ಲ:
ಮೊದಲು ಬಂದದ್ದು ಕುಲ್ವ, ಹಿಂದೆ ಬಂದದ್ದು ದೊತೊ.
ನಾನು ದೊತೊ. ಕಾಲು ಗಂಟೆ ಚಿಕ್ಕವಳು.
ಒಂದೇ ಮೇಜಿನಲ್ಲಿ ಒಂಬತ್ತು ವರ್ಷ ಬೆಸುಗೆ ಹಾಕಿದೆವು,
ಬಿಸಿಗಾಳಿ ಯಂತ್ರವೊಂದು ಯಾರದೆಂಬಲ್ಲಿ ಬಿಟ್ಟುಹೋಯಿತು.
ಮೂರು ಮಳೆಗಾಲ ಮಾತಿಲ್ಲ.
ಯಂತ್ರ ಅವನಲ್ಲಿ. ಮೇಜು ನನ್ನಲ್ಲಿ.

ಹುಡುಗ ಮಶಾಕನನ್ನು ಕಳಿಸಿದೆ,
ಯಾರು ಕೇಳಿದರೆಂದು ಹೇಳಬೇಡ ಎಂದು.
ರಸ್ತೆಯ ಅಗಲ ಹನ್ನೆರಡು ಹೆಜ್ಜೆ, ಅವನಿಗೇನು ಕಣ್ಣಿಲ್ಲವೇ.
ಪಟ್ಟಿ ಬಂತು ಹಳೇ ಪೇಪರಿನಲ್ಲಿ ಮಡಿಸಿಕೊಂಡು,
ಜೊತೆಗೊಂದು ಮಾತು, ಹುಡುಗನ ಬಾಯಲ್ಲಿ ಅವನದೇ ಗತ್ತು:
“ಫ್ಯಾನು ಬಿಚ್ಚಿದಳಾ, ಕೇಳು.”

ಬಿಚ್ಚಿರಲಿಲ್ಲ.
ಮೈಯೆಲ್ಲ ಉರಿಯಿತು. ಸ್ಕ್ರೂ ತಿರುಗಿಸಿದೆ.
ತಾಮ್ರದ ಕೊಳವೆಯ ಕೊನೆಗೆ
ಗಾಳಿ ಹೊರಹೋಗುವ ಬಾಚಣಿಗೆಯ ಹಲ್ಲಿಗೆ ಅಡ್ಡಲಾಗಿ
ಸರೋವರದ ನೊಣ.
ಅಮಾವಾಸ್ಯೆಯ ಸುಮಾರಿಗೆ ಹೊಗೆಯ ಕಂಬವಾಗಿ ನೀರಿಂದೆದ್ದು
ಬೆಳಕು ಕಂಡಲ್ಲಿ ಸಾಯಲು ಬರುವ ಅವೇ,
ಮಗೇಸ ರಾತ್ರಿ ಕೂತು ತೂಕ ಬರೆಯುವಾಗ
ಒಂದೊಂದಾಗಿ ಒಳಹೊಕ್ಕು
ಕಂಬಳಿಯಾಗಿದ್ದವು.
ಅಜ್ಜಿ ಇವನ್ನೇ ಬೋಗುಣಿಯಲ್ಲಿ ಹಿಡಿದು, ತಟ್ಟಿ, ಒಣಗಿಸುತ್ತಿದ್ದಳು.
ಕದಿಯಲು ಕುಲ್ವ ಬಗ್ಗುವನು, ಅವನ ಬೆನ್ನು ಹತ್ತುವವಳು ನಾನು.

ಆಗ ಚೀಟಿ ನೆನಪಾಯಿತು.
ಎರಡು ನಿಮಿಷ, ನಲವತ್ತು, ಹನ್ನೊಂದು.
ಸುಡುತ್ತಿತ್ತು ಅದು. ಪ್ರತಿ ಸಲವೂ
ಹಿಂದಿನ ಸಲದ ಕಾವಿನಿಂದಲೇ ಶುರು.
ಆರಲು ಬಿಡದೆ ಗುಂಡಿ ಒತ್ತಿದವಳು ನಾನೇ.

ಕುಂಚ, ಸ್ಪಿರಿಟ್ಟು, ಅಕ್ಕಿಕಾಳಿನಷ್ಟು ಬಿಳಿ ಪೇಸ್ಟು.
ಹನ್ನೊಂದು ದಾಟಿತು. ನಲವತ್ತು ದಾಟಿತು.
ಎರಡು ನಿಮಿಷಕ್ಕೆ ಮಗೇಸ ಬೆಂಚಿನಿಂದ ಎದ್ದು ನಿಂತ.
ಪರದೆಯ ತುಂಬ ಅವನ ಮಗಳು, ಮುಂದಿನ ಹಲ್ಲು ಬಿದ್ದ ನಗೆ,
ಅವಳ ಮೂಗಿನ ಮೇಲೆ ‘ತೂಕ’ ಎಂಬ ಕಡತ.

ಸಂಜೆ, ಬಳಸದ ಪಟ್ಟಿಯನ್ನು ಅದೇ ಪೇಪರಿನಲ್ಲಿ ಮಡಿಸಿದೆ.
ಪಕ್ಕಕ್ಕೆ ನೊಣದ ಆ ಬಿಲ್ಲೆಯನ್ನೂ ಇಟ್ಟೆ.
“ಏನು ಹೇಳಲಿ?” ಎಂದ ಮಶಾಕ.
ಏನೂ ಬೇಡ ಎಂದೆ.
ಶಟರು ಅರ್ಧ ಎಳೆದು, ಅದರಡಿ ಬಗ್ಗಿ ನಿಂತೆ.
ಪೇಪರು ಬಿಚ್ಚುತ್ತಿದ್ದ ಕೈ ಕಾಣುತ್ತಿತ್ತು,
ಮುಖ ಕಾಣುತ್ತಿರಲಿಲ್ಲ.